ಕ್ಯಾಂಕುನ್ ಏರ್‌ಪೋರ್ಟ್: ಅಪ್ಪ ಅಮ್ಮನ ಜೊತೆ ಹೋಗುವವರು ಏನೇನು ನೋಡಿಕೊಳ್ಳಬೇಕು?

ಡಲ್ಲಾಸ್_ತುಮಕೂರು:

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ತುಮಕೂರಿನಿಂದ ಇಲ್ಲಿ ಅಮೆರಿಕಕ್ಕೆ, ಡಲ್ಲಾಸ್‌ನ ನಮ್ಮ ಮನೆಗೆ ಬಂದಿದ್ದಾರೆ, ಇಬ್ಬರಿಗೂ ಹತ್ತು ವರ್ಷದ ಬಿ-1/ಬಿ-2 ವೀಸಾ, ಅಂದರೆ ಪ್ರವಾಸಿ ವೀಸಾ ಇದೆ. ಡಿಸೆಂಬರ್ ರಜೆಯಲ್ಲಿ ಎಲ್ಲರೂ ಸೇರಿ ಮೆಕ್ಸಿಕೋದ ಕ್ಯಾಂಕುನ್‌ಗೆ ಹೋಗಿ ಬರೋಣ ಅಂತ ಇದ್ದೇವೆ. ಅಮ್ಮನಿಗೆ ಸಮುದ್ರ ಅಂದರೆ ಜೀವ. ಅಪ್ಪನಿಗೆ ಮಂಡಿ ನೋವು, ಜಾಸ್ತಿ ಹೊತ್ತು ನಿಲ್ಲೋಕೆ ಆಗಲ್ಲ. ಇಬ್ಬರೂ ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ.

ನನ್ನ ಚಿಂತೆ ಏರ್‌ಪೋರ್ಟಿನದ್ದೇ. ಹೋಗಿ ಬಂದವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇಮಿಗ್ರೇಷನ್ ಸಾಲು ಉದ್ದ, ಕಸ್ಟಮ್ಸ್ ದಾಟಿದ ಕೂಡಲೇ ಜನ ಮುತ್ತಿಕೊಳ್ಳುತ್ತಾರೆ, ಟ್ಯಾಕ್ಸಿಯವರು ಬಾಯಿಗೆ ಬಂದ ರೇಟು ಹೇಳುತ್ತಾರೆ ಅಂತೆಲ್ಲ. ಇನ್ನೊಂದು ವಿಷಯ ಏನಂದರೆ, ನನ್ನ ಪಾಸ್‌ಪೋರ್ಟಿನ ಎಚ್-1ಬಿ (ಕೆಲಸದ ವೀಸಾ) ಸ್ಟ್ಯಾಂಪ್‌ನ ಅವಧಿ ಮುಗಿದಿದೆ. ಎಕ್ಸ್‌ಟೆನ್ಷನ್ ಆಗಿ ಹೊಸ ಐ-797 ಅನುಮೋದನೆ ಪತ್ರ ಕೈಯಲ್ಲಿದೆ, ಅಮೆರಿಕದಲ್ಲಿ ಯಾವ ತಾರೀಖಿನವರೆಗೆ ಇರಬಹುದು ಅನ್ನುವ ದಾಖಲೆ ಐ-94 ಕೂಡ ಚಾಲ್ತಿಯಲ್ಲಿದೆ. ಹೆಂಡತಿಯ ಎಚ್-4 (ಎಚ್-1ಬಿಯವರ ಮನೆಯವರ ವೀಸಾ) ಸ್ಟ್ಯಾಂಪ್ ಇನ್ನೂ ಇದೆ, ಮಕ್ಕಳು ಅಮೆರಿಕದ ಪಾಸ್‌ಪೋರ್ಟಿನವರು. ಮೆಕ್ಸಿಕೋಗೆ ಸ್ಟ್ಯಾಂಪ್ ಮುಗಿದಿದ್ದರೂ ಪರವಾಗಿಲ್ಲ, ಆಟೋಮ್ಯಾಟಿಕ್ ರೀವ್ಯಾಲಿಡೇಷನ್ ಇದೆ ಅಂತ ಆಫೀಸಿನ ಸ್ನೇಹಿತರು ಹೇಳುತ್ತಿದ್ದಾರೆ. ಇದು ನಿಜವಾ? ಟಿಕೆಟ್ ಇನ್ನೂ ಬುಕ್ ಮಾಡಿಲ್ಲ.

ಜರ್ಸಿಸಿಟಿ_ಸಿರಿ:

ಟಿಕೆಟ್ ಬುಕ್ ಮಾಡುವ ಮೊದಲು ಕೇಳಿದ್ದು ತುಂಬಾ ಒಳ್ಳೆಯದಾಯಿತು. ನಿಮ್ಮ ಸ್ನೇಹಿತರು ಹೇಳಿದ್ದರಲ್ಲಿ ಅರ್ಧ ಮಾತ್ರ ಸರಿ. ಉಳಿದರ್ಧ ಗೊತ್ತಿಲ್ಲದೆ ನಮ್ಮವರು ಎಷ್ಟೋ ಜನ ಚೆಕ್-ಇನ್ ಕೌಂಟರಿನಿಂದಲೇ ವಾಪಸ್ ಬರುತ್ತಾರೆ.

ಇಲ್ಲಿ ಎರಡು ದೇಶದ ಎರಡು ಬೇರೆ ಬೇರೆ ನಿಯಮ ಇದೆ. ಅಮೆರಿಕದ ನಿಯಮದ ಪ್ರಕಾರ ವೀಸಾ ಸ್ಟ್ಯಾಂಪ್ ಮುಗಿದಿದ್ದರೂ, ಐ-94 ಚಾಲ್ತಿಯಲ್ಲಿದ್ದು, ಮೆಕ್ಸಿಕೋ ಅಥವಾ ಕೆನಡಾಗೆ ಮಾತ್ರ ಹೋಗಿ 30 ದಿನದ ಒಳಗೆ ಬಂದರೆ, ನಿಮ್ಮನ್ನು ವಾಪಸ್ ಸೇರಿಸಿಕೊಳ್ಳುತ್ತಾರೆ. ಅಲ್ಲಿರುವಾಗ ಅಮೆರಿಕದ ಹೊಸ ವೀಸಾಗೆ ಅರ್ಜಿ ಹಾಕಿರಬಾರದು. ಅದೇ ಆಟೋಮ್ಯಾಟಿಕ್ ರೀವ್ಯಾಲಿಡೇಷನ್. ಆದರೆ ಅದು ವಾಪಸ್ ಬರುವ ವಿಷಯ ಮಾತ್ರ. ಮೆಕ್ಸಿಕೋ ಒಳಗೆ ಹೋಗೋದು ಹೇಗೆ?

ಭಾರತದ ಪಾಸ್‌ಪೋರ್ಟಿನವರಿಗೆ ಮೆಕ್ಸಿಕೋ ವೀಸಾ ಬೇಕು. ಅಮೆರಿಕದ ಚಾಲ್ತಿ ವೀಸಾ ಇದ್ದರೆ ಅದರಿಂದ ವಿನಾಯಿತಿ. ಕೆನಡಾ, ಬ್ರಿಟನ್, ಜಪಾನ್, ಯುರೋಪಿನ ಶೆಂಗೆನ್ ವೀಸಾ ಇದ್ದರೂ ಆಗುತ್ತದೆ, ಗ್ರೀನ್ ಕಾರ್ಡ್ ಇದ್ದರೂ ಆಗುತ್ತದೆ. ಐ-797 ಅವರ ಲೆಕ್ಕಕ್ಕೆ ವೀಸಾ ಅಲ್ಲ. ಅದು ಅಮೆರಿಕ ಕೊಟ್ಟ ಅನುಮೋದನೆಯ ಪತ್ರ ಅಷ್ಟೇ. ಹಾಗಾಗಿ ಅಪ್ಪ ಅಮ್ಮನಿಗೆ ತೊಂದರೆ ಇಲ್ಲ, ನಿಮ್ಮ ಹೆಂಡತಿಗೆ ತೊಂದರೆ ಇಲ್ಲ, ಮಕ್ಕಳಿಗಂತೂ ಇಲ್ಲ, ನಿಮಗೆ ಮಾತ್ರ ಮೆಕ್ಸಿಕೋ ವೀಸಾ ಬೇಕೇ ಬೇಕು. ಡಲ್ಲಾಸ್‌ನಲ್ಲೇ ಮೆಕ್ಸಿಕೋ ಕಾನ್ಸುಲೇಟ್ ಇದೆ. ಅಪಾಯಿಂಟ್‌ಮೆಂಟ್ ತೆಗೆದುಕೊಂಡು ನೀವೇ ಖುದ್ದಾಗಿ ಹೋಗಬೇಕು. ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಕೆಲಸದ ಪತ್ರ, ಐ-797 ಎಲ್ಲ ಜೋಡಿಸಿಟ್ಟುಕೊಳ್ಳಿ. ಅವರ ಈಗಿನ ಪಟ್ಟಿಯನ್ನು ಕಾನ್ಸುಲೇಟಿನ ಸೈಟಿನಲ್ಲೇ ನೋಡಿ, ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ನಂಬಬೇಡಿ.

ವಾಪಸ್ ಬರುವಾಗ ಇನ್ನೊಂದು. ಕ್ಯಾಂಕುನ್‌ನಲ್ಲಿ ಏರ್‌ಲೈನ್ ಕೌಂಟರಿನವರಿಗೆ ಈ ರೀವ್ಯಾಲಿಡೇಷನ್ ಗೊತ್ತಿರದೆ ಇರಬಹುದು. ಮುಗಿದ ಸ್ಟ್ಯಾಂಪ್ ನೋಡಿ ಬೋರ್ಡಿಂಗ್ ಪಾಸ್ ಕೊಡಲ್ಲ ಅನ್ನಬಹುದು. 22 ಸಿ.ಎಫ್.ಆರ್. 41.112 ಅನ್ನುವ ನಿಯಮದ ಪ್ರಿಂಟ್, ಐ-94 ಪ್ರಿಂಟ್, ಐ-797 ಮೂಲಪ್ರತಿ, ಮೂರೂ ಕೈಚೀಲದಲ್ಲಿ ಇರಲಿ. ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ.

ಅಪ್ಪ ಅಮ್ಮನ ಐ-94 ಬಗ್ಗೆಯೂ ಹೇಳಿಬಿಡುತ್ತೇನೆ. ಮೆಕ್ಸಿಕೋಗೆ ಹೋಗಿ ಬಂದರೆ ಹೊಸದಾಗಿ ಆರು ತಿಂಗಳು ಸಿಗುತ್ತದೆ ಅಂತ ಕೆಲವರು ಹೇಳುತ್ತಾರೆ. ಅದನ್ನು ನೆಚ್ಚಿಕೊಳ್ಳಬೇಡಿ. ಮೂವತ್ತು ದಿನದ ಒಳಗಿನ ಪ್ರವಾಸ ಆದರೆ ಹಳೆಯ ತಾರೀಖಿಗೇ ಸೇರಿಸಿಕೊಳ್ಳಬಹುದು. ಬಂದ ಮೇಲೆ ಆನ್‌ಲೈನ್‌ನಲ್ಲಿ ಐ-94 ತೆಗೆದು ತಾರೀಖು ನೋಡಿ.

ಕರಾವಳಿ_ಹ್ಯೂಸ್ಟನ್:

ಸಿರಿಯವರು ವೀಸಾ ವಿಷಯ ಪೂರ್ತಿ ಹೇಳಿದ್ದಾರೆ. ಒಂದು ಸೇರಿಸುತ್ತೇನೆ. ಕ್ಯಾಂಕುನ್ ಬೇಡ, ಪುಂಟಾ ಕಾನಾ ಅಥವಾ ಜಮೈಕಾ ಹೋಗೋಣ ಅಂತ ಮನಸ್ಸು ಬದಲಾದರೆ, ಆ ದ್ವೀಪಗಳಿಗೆ ಈ ರೀವ್ಯಾಲಿಡೇಷನ್ ಎಫ್ ವೀಸಾದ ವಿದ್ಯಾರ್ಥಿಗಳಿಗೆ ಮತ್ತು ಜೆ (ವಿನಿಮಯ ಕಾರ್ಯಕ್ರಮದ) ವೀಸಾದವರಿಗೆ ಮಾತ್ರ. ಎಚ್-1ಬಿಯವರಿಗೆ ಇಲ್ಲ.

ಈಗ ಏರ್‌ಪೋರ್ಟ್. ಹೆದರಿಕೊಳ್ಳುವ ಜಾಗ ಅಲ್ಲ, ಆದರೆ ಗೊತ್ತಿಲ್ಲದೆ ಹೋದರೆ ಸುಸ್ತಾಗುತ್ತದೆ. 2023ರಲ್ಲಿ ಮೂರು ಕೋಟಿಗೂ ಜಾಸ್ತಿ ಪ್ರಯಾಣಿಕರು ಓಡಾಡಿದ ಏರ್‌ಪೋರ್ಟ್ ಅದು. ಮೆಕ್ಸಿಕೋದಲ್ಲಿ ರಾಜಧಾನಿಯ ಏರ್‌ಪೋರ್ಟ್ ಬಿಟ್ಟರೆ ಇದೇ ದೊಡ್ಡದು, ಹೊರದೇಶದ ಪ್ರಯಾಣಿಕರ ಲೆಕ್ಕ ಹಿಡಿದರೆ ಇದೇ ಮೊದಲು. ಅಮೆರಿಕದ ಹೆಚ್ಚಿನ ವಿಮಾನಗಳು ಮೂರು ಮತ್ತು ನಾಲ್ಕನೇ ಟರ್ಮಿನಲ್‌ಗೆ ಬರುತ್ತವೆ. ನಾಲ್ಕನೆಯದು 2017ರಲ್ಲಿ ಶುರುವಾಗಿದ್ದು. ಟರ್ಮಿನಲ್‌ಗಳ ಮಧ್ಯೆ ಉಚಿತ ಬಸ್ ಓಡುತ್ತದೆ, ಆದರೂ ವಾಪಸ್ ಬರುವಾಗ ನಿಮ್ಮ ವಿಮಾನ ಯಾವ ಟರ್ಮಿನಲ್ ಅಂತ ಡ್ರೈವರಿಗೆ ಮೊದಲೇ ಹೇಳಿ.

ಇಮಿಗ್ರೇಷನ್‌ನಲ್ಲಿ ಹಳೆಯ ಕಾಗದದ ಫಾರ್ಮ್ ಈಗಿಲ್ಲ. ಪಾಸ್‌ಪೋರ್ಟಿಗೆ ಮುದ್ರೆ ಒತ್ತಿ ಎಷ್ಟು ದಿನ ಅಂತ ಬರೆಯುತ್ತಾರೆ. ಆ ಸಂಖ್ಯೆ ಓದಿಕೊಂಡೇ ಮುಂದೆ ಹೋಗಿ, ನೀವು ಇರುವ ದಿನಕ್ಕಿಂತ ಕಡಿಮೆ ಬರೆದಿದ್ದರೆ ಅಲ್ಲೇ ಕೇಳಿ. ಹೋಟೆಲ್ ಬುಕಿಂಗ್ ಮತ್ತು ವಾಪಸ್ ಟಿಕೆಟ್ ಪ್ರಿಂಟ್ ತೆಗೆದುಕೊಂಡು ಹೋಗಿ. ಮೊಬೈಲಿನಲ್ಲಿ ಇದೆ ಅಂದುಕೊಂಡರೆ ನೆಟ್‌ವರ್ಕ್ ಸಿಗದೆ ಒದ್ದಾಡುವ ಹಾಗೆ ಆಗುತ್ತದೆ. ಅಪ್ಪ ಅಮ್ಮನ ಹತ್ತಿರವೂ ಒಂದೊಂದು ಪ್ರತಿ ಇರಲಿ. ಅಧಿಕಾರಿ ಅವರನ್ನೇ ಏನಾದರೂ ಕೇಳಬಹುದು.

ಬ್ಯಾಗ್ ತೆಗೆದುಕೊಂಡು ಕಸ್ಟಮ್ಸ್ ದಾಟಿದ ಮೇಲೆ ಒಂದು ಹಾಲ್ ಬರುತ್ತದೆ. ಎಲ್ಲರೂ ಹೇಳುವುದು ಇದರ ಬಗ್ಗೆಯೇ. ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ಪಟ್ಟಿ, ಎದುರಿಗೆ 'ಟ್ರಾನ್ಸ್‌ಪೋರ್ಟ್' ಅಥವಾ 'ಮಾಹಿತಿ' ಅಂತ ಬೋರ್ಡು. ಏರ್‌ಪೋರ್ಟ್ ಸಿಬ್ಬಂದಿ ಅಂತಲೇ ಅನ್ನಿಸುತ್ತದೆ. ಯಾವ ಹೋಟೆಲ್ ಅಂತ ಕೇಳುತ್ತಾರೆ, ನಿಮ್ಮ ಗಾಡಿ ಬಂದಿಲ್ಲ ಅನ್ನುತ್ತಾರೆ, ಉಚಿತ ಟೂರ್ ಅನ್ನುತ್ತಾರೆ. ಅವರಲ್ಲಿ ಹೆಚ್ಚಿನವರು ಟೈಮ್‌ಶೇರ್, ಅಂದರೆ ವರ್ಷಕ್ಕೆ ಕೆಲವು ದಿನ ರೆಸಾರ್ಟಿನಲ್ಲಿ ಉಳಿಯುವ ಹಕ್ಕು, ಮಾರುವವರು. ಒಂದು ಬೆಳಗ್ಗೆ ಬಂದು ತಿಂಡಿ ತಿಂದು ನಮ್ಮ ಮಾತು ಕೇಳಿ ಅಂತ ಶುರು ಮಾಡಿದರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ನಮ್ಮ ಹಿರಿಯರಿಗೆ ಯಾರಾದರೂ ನಕ್ಕು ಮಾತಾಡಿಸಿದರೆ ಉತ್ತರ ಕೊಡದೆ ಹೋಗುವುದು ಮರ್ಯಾದೆ ಅಲ್ಲ ಅನ್ನಿಸುತ್ತದೆ, ಅಲ್ವಾ? ಅದಕ್ಕೇ ವಿಮಾನದಲ್ಲೇ ಅವರಿಗೆ ಹೇಳಿಡಿ. ಯಾರ ಹತ್ತಿರವೂ ನಿಲ್ಲದೆ ಗಾಜಿನ ಬಾಗಿಲು ದಾಟಿ ಪೂರ್ತಿ ಹೊರಗೆ ಬನ್ನಿ. ಮೊದಲೇ ಬುಕ್ ಮಾಡಿದ ಗಾಡಿಯ ಡ್ರೈವರ್ ಹೊರಗೇ ನಿಂತಿರುತ್ತಾರೆ, ಹೆಸರಿನ ಬೋರ್ಡ್ ಹಿಡಿದು.

ಅಂದರೆ ಗಾಡಿ ಮೊದಲೇ ಬುಕ್ ಆಗಿರಬೇಕು. ಹೋಟೆಲಿನವರ ಮೂಲಕ ಆಗಲಿ, ಒಳ್ಳೆಯ ಹೆಸರಿರುವ ಟ್ರಾನ್ಸ್‌ಫರ್ ಕಂಪನಿ ಆಗಲಿ, ದುಡ್ಡು ಎಷ್ಟು, ಗಾಡಿ ನಿಮಗೊಬ್ಬರಿಗೇನಾ ಅಥವಾ ಹತ್ತು ಹೋಟೆಲ್ ಸುತ್ತಿಸುವ ಶೇರಿಂಗ್ ವ್ಯಾನಾ, ಎರಡೂ ಕೇಳಿಕೊಳ್ಳಿ. ಊಬರ್ ಮತ್ತು ಅಲ್ಲಿನ ಟ್ಯಾಕ್ಸಿ ಸಂಘದ ಜಗಳ ತುಂಬಾ ವರ್ಷದಿಂದ ಇದೆ. 2023ರ ಜನವರಿಯಲ್ಲಿ ರಸ್ತೆ ತಡೆಯುವವರೆಗೂ ಹೋಗಿತ್ತು. ಮಂಡಿ ನೋವಿನ ಹಿರಿಯರು ಜೊತೆಗಿರುವಾಗ ಏರ್‌ಪೋರ್ಟಿನಿಂದ ಆಪ್ ಗಾಡಿಯನ್ನು ನಂಬಿಕೊಂಡು ಹೋಗಬೇಡಿ.

ಹಾಸನ_ಹೈಕರ್:

ಗಾಡಿ ಬುಕ್ ಮಾಡಲೇಬೇಕು ಅನ್ನೋದನ್ನು ನಾನು ಒಪ್ಪಲ್ಲ. ಎ.ಡಿ.ಓ. ಬಸ್ ಇದೆ. ಕೆಂಪು ಬಣ್ಣದ್ದು, ಎಸಿ, ಸೀಟು ಚೆನ್ನಾಗಿದೆ, ಎರಡು, ಮೂರು, ನಾಲ್ಕನೇ ಟರ್ಮಿನಲ್ ಹೊರಗೇ ನಿಲ್ಲುತ್ತದೆ. ಕ್ಯಾಂಕುನ್ ಊರಿನ ಬಸ್ ಸ್ಟ್ಯಾಂಡಿಗೆ ಸುಮಾರು ಅರ್ಧ ಗಂಟೆ, ದಕ್ಷಿಣದ ಪ್ಲಾಯಾ ಡೆಲ್ ಕಾರ್ಮೆನ್ ಊರಿಗೆ ಸುಮಾರು ಒಂದು ಗಂಟೆ. ಊರಿನಿಂದ ಸಮುದ್ರದಂಚಿನ ಹೋಟೆಲ್ ಸಾಲಿಗೆ ಆರ್-1, ಆರ್-2 ಸಿಟಿ ಬಸ್ ಹಗಲೂ ರಾತ್ರಿ ಓಡುತ್ತವೆ. ಟ್ಯಾಕ್ಸಿಯ ದುಡ್ಡಿನ ಮುಂದೆ ಇದು ಏನೂ ಅಲ್ಲ.

ಎಲ್ಲರೂ ಕ್ಯಾಂಕುನ್ ಅಂದರೆ ಹೋಟೆಲ್ ಅಂದುಕೊಳ್ಳುತ್ತಾರೆ. 1970ರಲ್ಲಿ ಕೆಲಸ ಶುರುವಾಗುವ ಮೊದಲು ಅಲ್ಲಿ ಊರೇ ಇರಲಿಲ್ಲ. ಮೆಕ್ಸಿಕೋದ ಕೇಂದ್ರ ಬ್ಯಾಂಕ್ ಪ್ರವಾಸೋದ್ಯಮಕ್ಕೆ ಅಂತಲೇ ಜಾಗ ಹುಡುಕಿ, ಇಂಟರ್ ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲ ತಂದು, ರಸ್ತೆ, ನೀರು, ವಿಮಾನ ನಿಲ್ದಾಣ ಎಲ್ಲ ಹೊಸದಾಗಿ ಕಟ್ಟಿಸಿದ ಊರು ಅದು. ಕ್ಯಾಂಕುನ್ ಇರುವ ಕಿಂತಾನಾ ರೂ ಅನ್ನುವ ರಾಜ್ಯವೇ ಹುಟ್ಟಿದ್ದು 1974ರಲ್ಲಿ. 2020ರ ಜನಗಣತಿಯಲ್ಲಿ ಕ್ಯಾಂಕುನ್ ಊರಿನಲ್ಲಿ ಸುಮಾರು 8.9 ಲಕ್ಷ ಜನ. ಹೋಟೆಲಿನಲ್ಲಿ ಹಾಸಿಗೆ ಸರಿ ಮಾಡುವವರು, ಅಡುಗೆಯವರು, ಡ್ರೈವರ್‌ಗಳು ಎಲ್ಲ ಇರುವುದು ಅಲ್ಲೇ. ಅವರ ಜೊತೆ ಬಸ್ಸಿನಲ್ಲಿ ಕೂತು ಹೋದರೆ ಊರು ಏನು ಅಂತ ಗೊತ್ತಾಗುತ್ತದೆ. ಮೆಕ್ಸಿಕೋದಲ್ಲಿ ಕಡಲತೀರ ಎಲ್ಲ ಸಾರ್ವಜನಿಕ ಆಸ್ತಿ, ಯಾವ ಹೋಟೆಲಿನದ್ದೂ ಅಲ್ಲ. ಪ್ಲಾಯಾ ಡೆಲ್ಫಿನೆಸ್ ಅನ್ನುವ ಬೀಚಿಗೆ ದುಡ್ಡು ಕೊಡದೆ ಹೋಗಬಹುದು, ಭಾನುವಾರ ಅಲ್ಲಿನ ಮನೆಮಂದಿ ಎಲ್ಲ ಬಂದಿರುತ್ತಾರೆ, ತುಂಬಾ ಚಂದ ಇರುತ್ತದೆ.

ತುಲುಮ್ ಕಡೆ ಇರುವವರು ಅಲ್ಲಿನ ಹೊಸ ಏರ್‌ಪೋರ್ಟನ್ನೂ ನೋಡಿ, 2023ರ ಡಿಸೆಂಬರ್ 1ಕ್ಕೆ ಶುರುವಾಗಿದೆ. ಜನ ಕಡಿಮೆ. ಆದರೆ ಕ್ಯಾಂಕುನ್‌ನಲ್ಲಿ ಉಳಿಯುವವರಿಗೆ ಅದು ದೂರ.

ಕರಾವಳಿ_ಹ್ಯೂಸ್ಟನ್:

ಹಾಸನದವರೇ, ನೀವು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಎ.ಡಿ.ಓ. ಬಸ್ ನಿಜಕ್ಕೂ ಒಳ್ಳೆಯದು, ಗಂಡ ಹೆಂಡತಿ ಇಬ್ಬರೇ ಹೋದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇವರ ಜೊತೆ ಮಕ್ಕಳಿದ್ದಾರೆ, ನಿಲ್ಲಲಾಗದ ಅಪ್ಪ ಇದ್ದಾರೆ, ಸೂಟ್‌ಕೇಸ್ ಇದೆ. ಊರಿಗೆ ಹೋಗಿ ಅಲ್ಲಿಂದ ಮತ್ತೆ ಸಿಟಿ ಬಸ್ ಹತ್ತಿಸುವುದು ಬೇಡ. ಬಸ್ ಓಡಾಟ ಆಮೇಲೆ ಇಟ್ಟುಕೊಳ್ಳಲಿ. ಸಿಟಿ ಬಸ್ಸಿನಲ್ಲಿ ಒಂದು ಸಂಜೆ ಊರೊಳಗಿನ ಪಾರ್ಕ್ ದೆ ಲಾಸ್ ಪಲಾಪಾಸ್‌ಗೆ ಹೋಗಿ ಬರಲಿ, ಅಪ್ಪ ಅಮ್ಮನಿಗೂ ಇಷ್ಟ ಆಗುತ್ತದೆ.

ಹೋಟೆಲ್ ಆರಿಸುವಾಗ ಮ್ಯಾಪ್ ತೆಗೆದು ನೋಡಿ. ಹೋಟೆಲ್ ಸಾಲು ಇಂಗ್ಲಿಷ್ 7ರ ಆಕಾರದ ಉದ್ದನೆಯ ಮರಳ ಪಟ್ಟಿ, ಒಂದು ಕಡೆ ಕೆರಿಬಿಯನ್ ಸಮುದ್ರ, ಇನ್ನೊಂದು ಕಡೆ ನಿಚುಪ್ತೆ ಹಿನ್ನೀರು. 7ರ ಮೇಲಿನ ಗೆರೆ ಉತ್ತರಕ್ಕೆ ಮುಖ ಮಾಡಿದೆ, ಅಲ್ಲಿ ನೀರು ಆಳ ಕಡಿಮೆ, ಅಲೆ ಸಣ್ಣದು. ಉದ್ದನೆಯ ಗೆರೆ ಪೂರ್ವಕ್ಕಿದೆ, ಅಲ್ಲಿ ಅಲೆ ಜೋರು. ಹಿರಿಯರಿಗೂ ಮಕ್ಕಳಿಗೂ ಮೇಲಿನ ಗೆರೆಯೇ ಸರಿ. ಡಿಸೆಂಬರಿನಲ್ಲಿ ಉತ್ತರದಿಂದ ಗಾಳಿ ಬೀಸಿದ ದಿನಗಳಲ್ಲಿ ಎಲ್ಲ ಕಡೆಯೂ ಕೆಂಪು ಬಾವುಟ ಹಾಕುತ್ತಾರೆ, ಆಗ ನೀರಿಗೆ ಇಳಿಯಬಾರದು. ಸರ್ಗಾಸಮ್ ಪಾಚಿಯ ಕಾಟ ಮುಖ್ಯವಾಗಿ ಬೇಸಿಗೆಯದ್ದು, ಡಿಸೆಂಬರಿನಲ್ಲಿ ಅಷ್ಟು ಚಿಂತೆ ಬೇಡ. ಬುಕಿಂಗ್ ಸೈಟಿನಲ್ಲಿ ಕ್ಯಾಂಕುನ್ ಅಂತ ಇದ್ದರೂ ಕೆಲವು ಹೋಟೆಲ್ ಊರಿನಾಚೆ ಉತ್ತರದಲ್ಲಿ ಇರುತ್ತವೆ, ಕೆಲವು ದಕ್ಷಿಣದಲ್ಲಿ ಪ್ಲಾಯಾ ಡೆಲ್ ಕಾರ್ಮೆನ್ ಹತ್ತಿರ ಇರುತ್ತವೆ. ಏರ್‌ಪೋರ್ಟಿನಿಂದ ಪ್ರಯಾಣ ಎಷ್ಟು ಹೊತ್ತು ಅನ್ನೋದು ಇದರ ಮೇಲೆಯೇ ನಿಂತಿದೆ.

ಡಲ್ಲಾಸ್_ತುಮಕೂರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಿರಿಯವರೇ, ಐ-797 ಸಾಲದು ಅನ್ನೋದು ನನಗೆ ಯಾರೂ ಹೇಳಿರಲಿಲ್ಲ. ಕಾನ್ಸುಲೇಟ್ ಅಪಾಯಿಂಟ್‌ಮೆಂಟ್ ಹುಡುಕಲು ಶುರು ಮಾಡಿದ್ದೇನೆ, ಅದು ಸಿಕ್ಕ ಮೇಲೆಯೇ ಟಿಕೆಟ್. ಇನ್ನು ಎರಡು ಪ್ರಶ್ನೆ. ಅಪ್ಪನಿಗೆ ವೀಲ್‌ಚೇರ್ ಹೇಳಿದರೆ ಎಲ್ಲರೂ ಜೊತೆಗೇ ಹೋಗಬಹುದಾ? ಮತ್ತೆ ನನ್ನ ಹತ್ತಿರ ಆಫೀಸ್ ಲ್ಯಾಪ್‌ಟಾಪ್ ಒಂದು, ನನ್ನ ಸ್ವಂತದ್ದು ಒಂದು ಇರುತ್ತದೆ. ಕಸ್ಟಮ್ಸ್‌ನಲ್ಲಿ ಏನಾದರೂ ಕೇಳುತ್ತಾರಾ?

ಟೊರೊಂಟೊ_ಗೌರಿ:

ಲ್ಯಾಪ್‌ಟಾಪ್ ಮೊದಲು. ಮೆಕ್ಸಿಕೋ ಕಸ್ಟಮ್ಸ್ ನಿಯಮದಲ್ಲಿ ಒಬ್ಬ ಪ್ರಯಾಣಿಕರಿಗೆ ಒಂದೇ ಲ್ಯಾಪ್‌ಟಾಪ್ ತೆರಿಗೆ ಇಲ್ಲದೆ ಬಿಡುವುದು. ಎರಡನೆಯದಕ್ಕೆ ತೆರಿಗೆ ಕೇಳಬಹುದು. ಒಂದನ್ನು ಮನೆಯಲ್ಲೇ ಬಿಡಿ, ಇಲ್ಲ ಅಂದರೆ ಹೆಂಡತಿಯ ಬ್ಯಾಗಿನಲ್ಲಿ ಅವರದ್ದು ಅಂತಲೇ ಇರಲಿ. ರಜೆಗೆ ಹೋಗುವಾಗ ಆಫೀಸ್ ಲ್ಯಾಪ್‌ಟಾಪ್ ಬಿಟ್ಟು ಹೋಗುವುದೇ ವಾಸಿ ಅಂತ ನನ್ನ ಅಭಿಪ್ರಾಯ. ಎಲೆಕ್ಟ್ರಾನಿಕ್ ಸಿಗರೇಟ್ ಯಾರ ಬ್ಯಾಗಿನಲ್ಲೂ ಇರಬಾರದು, ಅದನ್ನು ಆ ದೇಶದೊಳಗೆ ತರುವುದೇ ನಿಷೇಧ. ಹಣ್ಣು, ಬೀಜ, ಕರಿಬೇವು ಇಂಥ ಹಸಿ ಪದಾರ್ಥವೂ ಬೇಡ. ಅಂಗಡಿಯ ಸೀಲ್ ಇರುವ, ಮೇಲೆ ಏನೇನಿದೆ ಅಂತ ಬರೆದಿರುವ ಪ್ಯಾಕೆಟ್ ತಿಂಡಿ ಒಯ್ಯಿರಿ. ಚಟ್ನಿಪುಡಿಯನ್ನು ಮನೆಯ ಡಬ್ಬಿಯಲ್ಲಿ ತುಂಬಿಕೊಂಡು ಹೋದರೆ ವಿವರಿಸುವುದು ಕಷ್ಟ, ಅಧಿಕಾರಿಗೆ ಇಂಗ್ಲಿಷ್ ಬರದೆ ಇರಬಹುದು.

ವೀಲ್‌ಚೇರ್ ಏರ್‌ಲೈನ್‌ಗೆ ಮೊದಲೇ ಹೇಳಬೇಕು, ಬುಕಿಂಗ್‌ನಲ್ಲೇ ಸೇರಿಸಿ, ಹೊರಡುವ ಎರಡು ದಿನ ಮೊದಲು ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಹೋಗುವಾಗ, ಬರುವಾಗ ಎರಡಕ್ಕೂ ಹೇಳಿ. ಎಷ್ಟೋ ಜನ ಬರುವುದಕ್ಕೆ ಹೇಳಲು ಮರೆಯುತ್ತಾರೆ. ಸಾಮಾನ್ಯವಾಗಿ ಒಂದೇ ಬುಕಿಂಗ್‌ನ ಮನೆಯವರನ್ನು ಜೊತೆಗೇ ಕರೆದೊಯ್ಯುತ್ತಾರೆ, ಉದ್ದದ ಸಾಲೂ ತಪ್ಪುತ್ತದೆ. ತಳ್ಳುವವರಿಗೆ ಟಿಪ್ಸ್ ಕೊಡಬೇಕು, ಸಣ್ಣ ನೋಟು ಕೈಯಲ್ಲಿರಲಿ. ಅವರ ದುಡಿಮೆಯಲ್ಲಿ ಅದೇ ದೊಡ್ಡ ಪಾಲು, ಧಾರಾಳವಾಗಿ ಕೊಡಿ.

ಊಟದ ವಿಷಯ ಯಾರೂ ಹೇಳಿಲ್ಲ. ಶುದ್ಧ ಸಸ್ಯಾಹಾರಿಗಳಿಗೆ ಮೆಕ್ಸಿಕೋದಲ್ಲಿ ಕಣ್ಣಿಗೆ ಕಾಣದ ಕಡೆ ಮಾಂಸ ಇರುತ್ತದೆ. ಅರೆದ ಹುರುಳಿಕಾಯಿ ಬೀಜದ ಪಲ್ಯವನ್ನು ಎಷ್ಟೋ ಕಡೆ ಹಂದಿ ಕೊಬ್ಬಿನಲ್ಲಿ ಬಾಡಿಸುತ್ತಾರೆ, ಆ ಕೊಬ್ಬಿಗೆ ಮಾಂತೆಕಾ ಅನ್ನುತ್ತಾರೆ. ಕೆಂಪಗಿರುವ ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸಿರಬಹುದು. ಹಾಗಾಗಿ 'ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೋ, ಸಿನ್ ವೇವೋ, ಸಿನ್ ಮಾಂತೆಕಾ' ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ತೋರಿಸಿ. ಮಾಂಸ, ಕೋಳಿ, ಮೀನು, ಮೊಟ್ಟೆ, ಕೊಬ್ಬು ಯಾವುದೂ ಬೇಡ ಅಂತ. ಊಟ ತಿಂಡಿ ಎಲ್ಲ ಸೇರಿಸಿ ಒಂದೇ ದರ ಇರುವ ರೆಸಾರ್ಟ್ ಆದರೆ ಮೊದಲ ದಿನವೇ ಅಡುಗೆಯ ಮುಖ್ಯಸ್ಥರನ್ನು ಕರೆಸಿ ಹೇಳಿ, ಅವರು ಬೇಸರ ಮಾಡಿಕೊಳ್ಳುವುದಿಲ್ಲ. ಮುಸುಕಿನ ಜೋಳದ ರೊಟ್ಟಿ ತೊರ್ತಿಯಾ, ಬೆಣ್ಣೆಹಣ್ಣಿನ ಗೊಜ್ಜು, ಪರಂಗಿ, ಖಾರ ನಿಂಬೆ ಹಾಕಿದ ಹಿಕಾಮಾ ಅನ್ನುವ ಗೆಡ್ಡೆ, ಹುಣಸೆಹಣ್ಣಿನ ಪಾನಕ, ಇಷ್ಟು ಎಲ್ಲ ಕಡೆ ಸಿಗುತ್ತದೆ. ಆ ಪಾನಕವನ್ನು ನಿಮ್ಮ ಅಮ್ಮನಿಗೆ ಕೊಡಿಸಿ ನೋಡಿ.

ಅಪ್ಪನಿಗೆ ಮಂಡಿ ನೋವು ಅಂದಿರಿ. ಹಳೆಯ ಮಾಯಾ ಜನಾಂಗದವರು ಕಟ್ಟಿದ ಪಿರಮಿಡ್ ಇರುವ ಚಿಚೆನ್ ಇಟ್ಜಾ ಸುಮಾರು 200 ಕಿಲೋಮೀಟರ್ ದೂರ, ಬಿಸಿಲಲ್ಲಿ ತುಂಬಾ ನಡೆಯಬೇಕು, ಪಿರಮಿಡ್ ಹತ್ತಲು ಈಗ ಬಿಡುವುದೂ ಇಲ್ಲ. ಹೋಟೆಲ್ ಸಾಲಿನಲ್ಲೇ ಎಲ್ ರೇ ಅನ್ನುವ ಮಾಯಾ ಕಾಲದ ಅವಶೇಷ ಇದೆ. ನೆಲ ಸಮತಟ್ಟು, ಉಡದ ಹಾಗೆ ಕಾಣುವ ದೊಡ್ಡ ದೊಡ್ಡ ಇಗುವಾನಾಗಳು ಓಡಾಡುತ್ತಿರುತ್ತವೆ, ಮಕ್ಕಳಿಗೆ ಖುಷಿ. ಹತ್ತಿರದಲ್ಲೇ 2012ರಲ್ಲಿ ತೆರೆದ ಮಾಯಾ ಮ್ಯೂಸಿಯಂ ಇದೆ. ಆದರೂ ಚಿಚೆನ್ ಇಟ್ಜಾ ಬೇಕೇ ಬೇಕು ಅಂದರೆ, ಅದು ಯುಕಾತಾನ್ ರಾಜ್ಯದಲ್ಲಿದೆ, ಅಲ್ಲಿ ಗಡಿಯಾರ ಕ್ಯಾಂಕುನ್‌ಗಿಂತ ಒಂದು ಗಂಟೆ ಹಿಂದೆ. ಭಾನುವಾರ ಹೋಗಬೇಡಿ, ಅವತ್ತು ಅಲ್ಲಿನ ಜನರಿಗೆ ರಿಯಾಯಿತಿ ಇರುವುದರಿಂದ ಜಾತ್ರೆ.

ಜರ್ಸಿಸಿಟಿ_ಸಿರಿ:

ಗಡಿಯಾರದ ಮಾತು ಬಂತಲ್ಲ, ಡಲ್ಲಾಸ್‌ನವರಿಗೆ ಇದೂ ಬೇಕು. ಕಿಂತಾನಾ ರೂ 2015ರ ಫೆಬ್ರವರಿಯಿಂದ ವರ್ಷಪೂರ್ತಿ ಒಂದೇ ಸಮಯ ಇಟ್ಟುಕೊಂಡಿದೆ. ಡಿಸೆಂಬರಿನಲ್ಲಿ ಕ್ಯಾಂಕುನ್ ನಿಮಗಿಂತ ಒಂದು ಗಂಟೆ ಮುಂದೆ. ವಾಪಸ್ ವಿಮಾನದ ಸಮಯ ಟಿಕೆಟ್‌ನಲ್ಲಿ ಅಲ್ಲಿನ ಗಡಿಯಾರದಲ್ಲೇ ಇರುತ್ತದೆ.

ಇನ್ನೊಂದು, ಆ ರಾಜ್ಯದವರು 2021ರ ಏಪ್ರಿಲ್‌ನಿಂದ ವಿಸಿಟಾಕ್ಸ್ ಅಂತ ಹೊರದೇಶದವರಿಗೆ ಸಣ್ಣ ತೆರಿಗೆ ಇಟ್ಟಿದ್ದಾರೆ, ಆನ್‌ಲೈನ್‌ನಲ್ಲಿ ಕಟ್ಟುವುದು. ಅದೇ ಹೆಸರಿನಲ್ಲಿ ಜಾಸ್ತಿ ದುಡ್ಡು ಕೀಳುವ ನಕಲಿ ಸೈಟುಗಳಿವೆ. ಸರ್ಕಾರದ ಸೈಟ್ ಹೌದಾ ಅಂತ ನೋಡಿ ಕಟ್ಟಿ. ಎ.ಟಿ.ಎಂ.ನಲ್ಲಿ ಪೆಸೋ ತೆಗೆಯುವಾಗ 'ಡಾಲರ್‌ಗೆ ನಾವೇ ಲೆಕ್ಕ ಹಾಕುತ್ತೇವೆ' ಅಂತ ಪರದೆಯಲ್ಲಿ ಬಂದರೆ ಬೇಡ ಅಂತ ಒತ್ತಿ, ಆ ಲೆಕ್ಕದಲ್ಲಿ ನಷ್ಟ ನಮಗೇ.

ಕಾನ್ಸುಲೇಟ್ ಅಪಾಯಿಂಟ್‌ಮೆಂಟ್ ಡಿಸೆಂಬರ್ ಒಳಗೆ ಸಿಗದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಪೋರ್ಟೊ ರಿಕೋಗೆ ಹೋಗಿ. ಅದೂ ಕೆರಿಬಿಯನ್ನೇ, ಆದರೆ ಅಮೆರಿಕದ ಭಾಗ. ಡಲ್ಲಾಸ್‌ನಿಂದ ಸಾನ್ ಹುವಾನ್‌ಗೆ ದೇಶದೊಳಗಿನ ವಿಮಾನ, ಇಮಿಗ್ರೇಷನ್ ಸಾಲು ಇಲ್ಲ, ಸ್ಟ್ಯಾಂಪ್ ಪ್ರಶ್ನೆಯೇ ಬರುವುದಿಲ್ಲ. ಪಾಸ್‌ಪೋರ್ಟ್ ಮತ್ತು ಐ-797 ಮಾತ್ರ ಜೊತೆಗಿರಲಿ. ಅಲ್ಲಿಂದ ಬರುವಾಗ ಕೃಷಿ ಇಲಾಖೆಯವರು ಬ್ಯಾಗ್ ಸ್ಕ್ಯಾನ್ ಮಾಡುತ್ತಾರೆ. ಮಾವಿನಹಣ್ಣು ತರಲು ಬಿಡುವುದಿಲ್ಲ.

ಡಲ್ಲಾಸ್_ತುಮಕೂರು:

ಪೋರ್ಟೊ ರಿಕೋ ನಮ್ಮ ತಲೆಗೇ ಬಂದಿರಲಿಲ್ಲ. ಇವತ್ತು ರಾತ್ರಿ ಅಪ್ಪ ಅಮ್ಮನ ಹತ್ತಿರ ಎರಡೂ ಮ್ಯಾಪ್ ಇಟ್ಟು ಕೂರುತ್ತೇನೆ. ಅಪಾಯಿಂಟ್‌ಮೆಂಟ್ ಸಿಕ್ಕಿದರೆ ಕಾನ್ಸುಲೇಟಿನಲ್ಲಿ ಏನೇನು ಕೇಳಿದರು ಅಂತ ಇಲ್ಲೇ ಬರೆಯುತ್ತೇನೆ, ಮುಂದೆ ಹೋಗುವವರಿಗೆ ಬೇಕಾಗುತ್ತದೆ.